ಗೇಟಿನೊಳಗೆ ಅವಳು ನನ್ನ ತಂಗಿಯಲ್ಲ

ಆ ನಿಯಮ ಮಾಡಿದವಳು ನಾನೇ. ಬೇರೆ ಯಾರ ತಲೆಗೂ ಕಟ್ಟುವುದಿಲ್ಲ. ಆಸ್ಪತ್ರೆಯ ಗೇಟು ದಾಟಿದ ಮೇಲೆ ಅವಳು ಡಾಕ್ಟರು, ನಾನು ಬಟ್ಟೆ ಒಗೆಯುವವಳು. ಅವಳು ನನ್ನನ್ನು ಅಕ್ಕ ಎನ್ನಬಾರದು. ನಾನು ಅವಳನ್ನು ಸಣ್ಣಿ ಎನ್ನಬಾರದು. ಎದುರಿಗೆ ಸಿಕ್ಕರೆ ನಾನು ಗೋಡೆಗೆ ಒತ್ತಿ ನಿಂತು ದಾರಿ ಬಿಡಬೇಕು, ಅವಳು ತಲೆ ತಿರುಗಿಸದೆ ಹೋಗಬೇಕು. ಹತ್ತು ವರ್ಷ ಹಾಗೇ ಮಾಡಿದೆವು. ಒಂದು ಸಲವೂ ತಪ್ಪಲಿಲ್ಲ.

ಯಾಕೆ ಎಂದು ಕೇಳುವವರು ಆ ಆಸ್ಪತ್ರೆಯಲ್ಲಿ ನಮ್ಮ ಕೆಲಸ ಮಾಡಿಲ್ಲ. ನಮ್ಮದು ತೊಳೆಯುವ ಜನ. ತಾತ ಪಾಯಿಖಾನೆ ತೊಳೆದ. ಅಪ್ಪ ಮೋರಿ ತೊಳೆದ. ನಾನು ಆಸ್ಪತ್ರೆಯ ಬಟ್ಟೆ ತೊಳೆಯುತ್ತೇನೆ. ನಮ್ಮ ಕೋಣೆ ನೆಲಮಾಳಿಗೆಯಲ್ಲಿದೆ. ಹೆರಿಗೆ ಹಾಸಿಗೆಯದು, ಆಪರೇಷನ್ನಿನದು, ಸತ್ತವರ ಮೇಲೆ ಹೊದಿಸಿದ್ದು, ಎಲ್ಲ ಮೂಟೆ ಕಟ್ಟಿ ಮೆಟ್ಟಿಲ ಮೇಲಿಂದ ಉರುಳಿಸುತ್ತಾರೆ. ಮೆಷಿನ್ನಿಗೆ ಹಾಕುವ ಮೊದಲು ಕಲೆಯನ್ನು ಕೈಯಲ್ಲಿ ಉಜ್ಜಬೇಕು. ರಕ್ತಕ್ಕೆ ತಣ್ಣೀರು, ಮಲಕ್ಕೆ ಬಿಸಿನೀರು, ಎಲ್ಲಕ್ಕೂ ಬ್ಲೀಚಿಂಗ್ ಪುಡಿ. ನನ್ನ ಎಡಗೈಯಲ್ಲಿ ಎರಡೇ ಉಗುರು ಉಳಿದಿವೆ. ನಮಗೆ ಲಿಫ್ಟು ಇಲ್ಲ. ಕ್ಯಾಂಟೀನಿನಲ್ಲಿ ಎಲ್ಲರಿಗೂ ಗಾಜಿನ ಲೋಟ, ನಮಗೆ ಹಿಂದಿನ ಕಿಟಕಿಯಿಂದ ಕಾಗದದ ಲೋಟ. ಕುಡಿದು ಅವರ ಕಸದ ಬುಟ್ಟಿಗೂ ಹಾಕುವಂತಿಲ್ಲ, ಜೊತೆಗೆ ತೆಗೆದುಕೊಂಡು ಹೋಗಬೇಕು.

ಅಂಥ ಆಸ್ಪತ್ರೆಗೆ ನನ್ನ ತಂಗಿ ಡಾಕ್ಟರಾಗಿ ಬಂದಳು. ಅವಳಿಗೆ ಆರು ವರ್ಷವಾಗಿದ್ದಾಗ ಅಮ್ಮ ಸತ್ತಳು, ಅಪ್ಪ ಮೊದಲೇ ಹೋಗಿದ್ದ. ಅವಳನ್ನು ಸಾಕಿದವಳು ನಾನು. ಮನೆಯಲ್ಲಿ ಒಗೆದ ಬಟ್ಟೆಯ ಮೂಟೆಗೆ ಒರಗಿಕೊಂಡೇ ಅವಳು ಅಷ್ಟು ಓದೂ ಓದಿದ್ದು. ಅವಳು ಬಟ್ಟೆಯವಳ ತಂಗಿ ಎಂದು ಗೊತ್ತಾದರೆ ಅವಳು ಕಟ್ಟಿದ ಗಾಯವನ್ನು ಜನ ಬಿಚ್ಚಿಸಿ ಇನ್ನೊಬ್ಬರ ಕೈಯಲ್ಲಿ ಕಟ್ಟಿಸಿಕೊಳ್ಳುತ್ತಾರೆ. ಇದು ನನ್ನ ಊಹೆಯಲ್ಲ. ನಮ್ಮ ಜನದ ಒಬ್ಬ ನರ್ಸಿಗೆ ರೋಗಿಗಳು ಹಾಗೆ ಮಾಡಿದ್ದನ್ನು ಕಣ್ಣಾರೆ ಕಂಡಿದ್ದೆ.

ಅವಳು ಕೆಲಸಕ್ಕೆ ಸೇರುವ ಹಿಂದಿನ ದಿನ ನಿಯಮ ಹೇಳಿದೆ. ಅವಳ ಕಣ್ಣು ತುಂಬಿತು.

"ನಿನ್ನೇ ಗೊತ್ತಿಲ್ಲ ಅನ್ನಲಾ ಅಕ್ಕ?"

"ಏನೂ ಅನ್ಬೇಡ. ಸುಮ್ನೆ ಹೋಗು. ಬಾಯಿ ಇದೆ ಅಂತ ಎಲ್ಲಾ ಕಡೆ ತೆಗೀಬೇಕಾ?"

ನನ್ನ ಗಂಡ ನಕ್ಕ. ಅವನೂ ಅದೇ ಆಸ್ಪತ್ರೆಯಲ್ಲಿ ಮೋರಿ, ಟ್ಯಾಂಕು ನೋಡಿಕೊಳ್ಳುತ್ತಿದ್ದ, ಗುತ್ತಿಗೆದಾರನ ಕೈಕೆಳಗೆ. ಎತ್ತರದ ಆಳು, ಎಲ್ಲರೂ ಅವನನ್ನು ಏಣಿ ಎನ್ನುತ್ತಿದ್ದರು. "ಆಯ್ತು ಡಾಕ್ಟ್ರಮ್ಮ, ನಾಳೆಯಿಂದ ನಾನೂ ನಿನ್ನ ಬಾವ ಅಲ್ಲ," ಎಂದ. "ಜ್ವರ ಬಂದಾಗ ಮಾತ್ರ ಬಾವ. ಗುಳಿಗೆ ಪುಕ್ಕಟೆ ಕೊಡ್ಬೇಕು."

ಅವನು ಸತ್ತಿದ್ದು ಒಂದು ಮಂಗಳವಾರ ಮಧ್ಯಾಹ್ನ. ಆಸ್ಪತ್ರೆಯ ಮಲದ ಟ್ಯಾಂಕು ಕಟ್ಟಿಕೊಂಡು ನೀರು ಹೆರಿಗೆ ವಾರ್ಡಿಗೆ ವಾಪಸು ಬರುತ್ತಿತ್ತು. ಮಾರನೆಯ ದಿನ ದೊಡ್ಡವರು ಯಾರೋ ತಪಾಸಣೆಗೆ ಬರುವವರಿದ್ದರು. ಮೆಷಿನ್ ತರಿಸಲು ಎರಡು ದಿನ ಬೇಕು. ಗುತ್ತಿಗೆದಾರ ನನ್ನ ಗಂಡನನ್ನು ಇಳಿಸಿದ. ಟ್ಯಾಂಕಿನೊಳಗೆ ಮನುಷ್ಯರನ್ನು ಇಳಿಸಬಾರದು ಎಂಬ ಕಾನೂನು ಆಗಲೂ ಇತ್ತು. ಹಗ್ಗ ಇರಲಿಲ್ಲ, ಮುಖಕ್ಕೆ ಏನೂ ಇರಲಿಲ್ಲ. ಮೇಲೆ ನಿಂತಿದ್ದ ಜೊತೆಗಾರ ಒಂದರಿಂದ ಹತ್ತು ಎಣಿಸುವಷ್ಟರಲ್ಲಿ ಒಳಗಿನ ಸದ್ದು ನಿಂತಿತಂತೆ. ಅವನು ಕಿರುಚಿದ್ದು ನಮ್ಮ ನೆಲಮಾಳಿಗೆಗೂ ಕೇಳಿಸಿತು. ನಾನು ಹಾಸಿಗೆ ಬಟ್ಟೆಗಳನ್ನು ಬಾಚಿಕೊಂಡು ಓಡಿದೆ. ಒಂದಕ್ಕೊಂದು ಗಂಟು ಹಾಕಿ, ಕುಣಿಕೆ ಮಾಡಿ ಇಳಿಬಿಟ್ಟು, ಅವನ ತೋಳಿಗೆ ಸಿಕ್ಕಿಸಿ ಎಳೆದೆವು. ಮೇಲೆ ಬಂದಾಗ ನನ್ನ ಗಂಡನಿಗೆ ಮುಖ ಇರಲಿಲ್ಲ, ಬರೀ ಕೆಸರು. ಬಾಯಿಯೊಳಗೆ ಬೆರಳು ಹಾಕಿ ತೆಗೆದೆ. ತೆಗೆದಷ್ಟೂ ಬರುತ್ತಿತ್ತು.

ಟ್ರಾಲಿಯ ಹಿಂದೆ ಓಡಿದೆ. ತುರ್ತು ಚಿಕಿತ್ಸೆಯ ಬಾಗಿಲಲ್ಲಿ ನರ್ಸು ತಡೆದಳು. "ನೀನೆಲ್ಲಿ ಬರ್ತೀಯ, ಮೈಯೆಲ್ಲ ಹೊಲಸು." ಬಾಗಿಲಿಗೆ ಅಂಗೈ ಅಗಲದ ಗಾಜು ಇತ್ತು. ಅದರಲ್ಲಿ ನೋಡಿದೆ. ಆ ಮಧ್ಯಾಹ್ನದ ಡ್ಯೂಟಿ ಡಾಕ್ಟರು ನನ್ನ ತಂಗಿ. ಅವಳು ಟ್ರಾಲಿಯ ಮೇಲೆ ಹತ್ತಿ, ಮಂಡಿಯೂರಿ, ಅವನ ಎದೆ ಒತ್ತುತ್ತಿದ್ದಳು. ಮೊಣಕೈವರೆಗೂ ಕಪ್ಪು. ಒತ್ತಿದಳು, ಒತ್ತಿದಳು. ಪಕ್ಕದಲ್ಲಿ ಆಸ್ಪತ್ರೆಯ ಮುಖ್ಯಸ್ಥರು ಬಂದು ನಿಂತರು. ನಾವು ಅವರನ್ನು ದೊಡ್ಡ ಡಾಕ್ಟ್ರು ಎನ್ನುತ್ತೇವೆ. ಅವರು ಕೈ ಎತ್ತಿ ಸಾಕು ಎಂದರು. ಅವಳ ಕಿವಿಯ ಹತ್ತಿರ ಏನೋ ಹೇಳಿದರು. ಒಂದು ಹಾಳೆ ಕೊಟ್ಟರು. ಅವಳು ಬರೆದಳು.

ಆಮೇಲೆ ಬಾಗಿಲು ತೆಗೆದುಕೊಂಡು ಹೊರಗೆ ಬಂದಳು. ನಾನು ಗೋಡೆಗೆ ಒತ್ತಿ ನಿಂತೆ. ಅವಳು ತಲೆ ತಿರುಗಿಸದೆ ಹೋದಳು.

ದೇವರಾಣೆ ಹೇಳುತ್ತೇನೆ, ಆ ಹೊತ್ತಿನಲ್ಲೂ ನನಗೆ ಸಮಾಧಾನವಾಯಿತು. ನಿಯಮ ಮುರಿಯಲಿಲ್ಲ ನನ್ನ ಸಣ್ಣಿ, ಜಾಣೆ, ಎಂದುಕೊಂಡೆ. ನಾನು ಎಂಥವಳಾಗಿಬಿಟ್ಟಿದ್ದೆ ನೋಡಿ.

ತಿಂಗಳು ಕಳೆದ ಮೇಲೆ ಸಾವಿನ ಪತ್ರವನ್ನು ಬಿಚ್ಚಿಯೂ ನೋಡದೆ ಹಿಡಿದು ಕಾರ್ಮಿಕರ ಕಚೇರಿಗೆ ಹೋದೆ. ಅಲ್ಲಿಯ ಸಾಹೇಬರು ಓದಿದರು.

"ಹೃದಯ ನಿಂತು ಸಾವು ಅಂತಿದೆ. ಟ್ಯಾಂಕಿನ ಮಾತೇ ಇಲ್ವಲ್ಲಮ್ಮ."

"ಟ್ಯಾಂಕಿಂದ ನಾನೇ ಎಳ್ದಿದೀನಿ ಸ್ವಾಮಿ."

"ನೀನು ಎಳೆದ್ರೆ? ಡಾಕ್ಟ್ರು ಬರೆದಿದ್ದಾರಲ್ಲ. ಅಂಗಳದಲ್ಲಿ ಕೂತಿದ್ದ, ಎದೆನೋವು ಬಂತು ಅಂತ ಗುತ್ತಿಗೆದಾರರೂ ಬರ್ಕೊಟ್ಟಿದ್ದಾರೆ. ಕುಡೀತಿದ್ನಾ?"

ನಾನು ಏಳನೇ ಕ್ಲಾಸಿನವರೆಗೆ ಓದಿದವಳು. ಪತ್ರ ಕಿತ್ತುಕೊಂಡು ಕೆಳಗಿನ ಸಹಿ ನೋಡಿದೆ. ಸಣ್ಣಿಯದು. ನನ್ನ ಗಂಡನನ್ನು ಟ್ಯಾಂಕು ಒಂದು ಸಲ ಕೊಂದಿತ್ತು. ಆ ಸಹಿ ಇನ್ನೊಂದು ಸಲ ಕೊಂದಿತು.

ಮಣ್ಣು ಮಾಡಿದ ದಿನ ಮೂಲೆಯಲ್ಲಿ ಕೂತು ಹೋದ ತಂಗಿ ಆಮೇಲೆ ಮನೆಗೆ ಬಂದಿರಲಿಲ್ಲ. ಆಸ್ಪತ್ರೆಯ ಕ್ವಾರ್ಟರ್ಸಿನಲ್ಲೇ ಇದ್ದಳು. ಭಾನುವಾರ ಬಾ ಎಂದು ಹೇಳಿ ಕಳಿಸಿದೆ. ಬಂದಳು. ಪತ್ರ ಮುಂದಿಟ್ಟೆ.

"ಇದು ನೀನು ಬರೆದಿದ್ದಾ?"

"ಹೂಂ."

ಕೆನ್ನೆಗೆ ಹೊಡೆದೆ. ಹುಟ್ಟಿದಾಗಿನಿಂದ ಅವಳ ಮೇಲೆ ಕೈ ಮಾಡಿರಲಿಲ್ಲ. ಅವಳು ಕೂತಲ್ಲಿಂದ ಅಲ್ಲಾಡಲಿಲ್ಲ.

"ಮೊದಲನೇ ಸಾಲಲ್ಲಿ ಹೃದಯ ನಿಂತಿತು ಅಂತ ಎಲ್ರಿಗೂ ಬರೀತೀವಿ ಅಕ್ಕ. ಸತ್ತ ಮೇಲೆ ಯಾರ ಹೃದಯ ನಿಂತಿರಲ್ಲ ಹೇಳು? ಎರಡನೇ ಸಾಲಲ್ಲಿ ಅದು ಯಾಕೆ ನಿಂತಿತು ಅಂತ ಬರೀಬೇಕು. ಟ್ಯಾಂಕಿನ ವಿಷಗಾಳಿ ಅಂತ ಬರೀಬೇಕಿತ್ತು. ಅದನ್ನ ಖಾಲಿ ಬಿಡು ಅಂದ್ರು."

"ಅಂದ್ರೆ ಬಿಟ್ಬಿಡೋದಾ? ಬಾವ ಕಣೇ ಅವನು!"

"ಅದಕ್ಕೇ ಬಿಟ್ಟೆ. ತಡ ಮಾಡಿದ್ರೆ, ಅತ್ರೆ, ಯಾಕೆ ಇಷ್ಟು ಒದ್ದಾಡ್ತಿದಾಳೆ ಇವಳು, ಯಾರು ಇವನು ಅಂತ ಕೇಳ್ತಿದ್ರು. ಗೊತ್ತಿಲ್ಲದ ಹೆಣಕ್ಕೆ ಎಷ್ಟು ಹೊತ್ತು ತಗೋತೀವೋ ಅಷ್ಟೇ ಹೊತ್ತಲ್ಲಿ ಬರೆದೆ. ನೀನು ಹೇಳಿದ ಹಾಗೇ ನಡ್ಕೊಂಡೆ ಅಕ್ಕ."

ಪತ್ರವನ್ನು ಅವಳ ಕಡೆಗೆ ತಳ್ಳಿದೆ. ಹೋಗಿ ಸರಿಯಾಗಿ ಬರೆ ಎಂದೆ. ತಿದ್ದುತ್ತೇನೆ ಎಂದು ಆಗಲೇ ಕೇಳಿದೆ ಎಂದಳು. ಬರೆದದ್ದು ಬರೆದಾಯಿತು, ಬದಲಾಯಿಸಬೇಕಾದರೆ ಕೋರ್ಟೇ ಹೇಳಬೇಕು ಎಂದು ದೊಡ್ಡ ಡಾಕ್ಟ್ರು ನಕ್ಕರಂತೆ.

"ಹಾಗಾದ್ರೆ ಕೋರ್ಟಿಗೇ ಹೋಗು! ನನ್ನ ಮನೆಗೆ ಬರ್ಬೇಡ!" ಎಂದು ಕೂಗಿದೆ. ಹೊಟ್ಟೆ ಉರಿದು ಆಡಿದ ಮಾತು. ಅವಳು ಅದನ್ನು ಅಪ್ಪಣೆ ಎಂದು ತೆಗೆದುಕೊಂಡಳು.

ಮೂರು ಜನ ವಕೀಲರ ಹತ್ತಿರ ಹೋದಳು, ನನ್ನನ್ನೂ ಕರೆದುಕೊಂಡು. ಒಬ್ಬರು ನನ್ನನ್ನು ಕುರ್ಚಿಯ ಮೇಲೆ ಕೂರಿಸಲಿಲ್ಲ. ಇನ್ನೊಬ್ಬರು ಆ ಆಸ್ಪತ್ರೆಯವರಿಗೇ ವಕೀಲರು. ಮೂರನೆಯವರು ಪತ್ರ ಓದಿ, ಟೀ ಕುಡಿದು, ಡಾಕ್ಟರ ಸಹಿ ಇರುವಾಗ ಏನು ಮಾಡುವುದು ಎಂದರು. ಸಹಿ ಮಾಡಿದವಳು ಪಕ್ಕದಲ್ಲೇ ತಲೆ ತಗ್ಗಿಸಿ ಕೂತಿದ್ದಳು. ಹೊರಗೆ ಬಂದು, "ನಾನೇ ಓದ್ತೀನಿ ಅಕ್ಕ," ಎಂದಳು. ಆ ವರ್ಷವೇ ಸಂಜೆ ಕಾಲೇಜಿಗೆ ಸೇರಿದಳು.

ಬೆಳಿಗ್ಗೆ ಎಂಟರಿಂದ ರೋಗಿಗಳು. ಸಂಜೆ ಐದೂವರೆಯಿಂದ ಎಂಟೂವರೆ ಕಾನೂನು. ಕಾಲೇಜು ಎಂದರೆ ಹಳೆಯ ಗೋದಾಮಿನ ಮೇಲಿನ ಎರಡು ಕೋಣೆ. ಅವಳ ಜೊತೆ ಓದುವವರು ಗುಮಾಸ್ತರು, ಒಬ್ಬ ಪೋಲೀಸು, ಒಬ್ಬ ಬಸ್ ಕಂಡಕ್ಟರು. ಮೊದಲ ದಿನವೇ ಕಂಡಕ್ಟರು ತಮಾಷೆ ಮಾಡಿದನಂತೆ: "ಏನ್ ಡಾಕ್ಟ್ರೇ, ಅಲ್ಲಿ ಸಾಯಿಸಿ ಇಲ್ಲಿ ಬಿಡಿಸ್ಕೊಳ್ಳೋಕೆ ಬಂದ್ರಾ?" ಎಲ್ಲರೂ ನಕ್ಕರು, ಇವಳೂ ನಕ್ಕಳು. ಎಷ್ಟೋ ದಿನದ ಮೇಲೆ ನನಗೆ ಹೇಳುವಾಗ ಅತ್ತಳು.

ಆಸ್ಪತ್ರೆಯಲ್ಲಿ ಹುಚ್ಚಿ ಎಂದರು. ನಮ್ಮ ಬೀದಿಯವರು ಮೂಗು ಮುರಿದರು. ನಮ್ಮ ಜನದಲ್ಲಿ ಡಾಕ್ಟರಾದವಳು ಇವಳೊಬ್ಬಳೇ, ಇವಳಿಗೂ ಅದು ಬೇಡವಾಯಿತಾ ಎಂದರು. ಅವರ ಸಂಕಟ ನನಗೆ ಅರ್ಥವಾಗುತ್ತಿತ್ತು. ಅವರ ಮಕ್ಕಳಿಗೆ ಜ್ವರ ಬಂದಾಗ ಬಾಗಿಲು ತಟ್ಟಲು ಒಂದು ಮನೆ ಇತ್ತು, ಅದೂ ಹೋಗುತ್ತದಲ್ಲ.

ವಕೀಲರ ಹತ್ತಿರ ಜೊತೆಯಲ್ಲಿ ಹೋದದ್ದು ಬಿಟ್ಟರೆ ಎರಡು ತಿಂಗಳು ಅವಳೊಂದಿಗೆ ಮಾತು ಬಿಟ್ಟಿದ್ದೆ. ಆಮೇಲೆ ಒಂದು ಭಾನುವಾರ ಅವಳು ಪುಸ್ತಕದ ಮೇಲೆ ಮುಖ ಇಟ್ಟು ನಮ್ಮ ಹೊಸ್ತಿಲಲ್ಲೇ ನಿದ್ದೆ ಹೋಗಿದ್ದಳು. ಒಳಗೆ ಬರಲು ಹೆದರಿ ಅಲ್ಲೇ ಕೂತಿದ್ದಳು. ಎಬ್ಬಿಸಿ ಊಟ ಹಾಕಿದೆ. ಅಲ್ಲಿಂದ ಪ್ರತಿ ಭಾನುವಾರ ನಾನು ಪುಸ್ತಕ ಹಿಡಿಯುವುದು, ಅವಳು ಒಪ್ಪಿಸುವುದು. ದೊಡ್ಡ ದೊಡ್ಡ ಪದ. ನಾನು ಓದುವುದು ಕೇಳಿ ನಗುತ್ತಿದ್ದಳು. "ಡಾಕ್ಟ್ರು ಓದು ಸುಲಭ ಇತ್ತು ಅಕ್ಕ," ಎನ್ನುತ್ತಿದ್ದಳು. "ಅಲ್ಲಿ ಮೂಳೆ ಅಂದ್ರೆ ಮೂಳೆ. ಇಲ್ಲಿ ಒಂದೊಂದು ಮಾತಿಗೂ ಆದರೆ, ಆದರೆ, ಆದರೆ."

ಒಂದನೇ ವರ್ಷ ಒಂದು ಪರೀಕ್ಷೆ ತಪ್ಪಿತು. ಬರೆಯಲಾಗದೆ ತಪ್ಪಿದ್ದಲ್ಲ. ಆವತ್ತು ಸಂಜೆ ದೊಡ್ಡ ಡಾಕ್ಟ್ರು ಬೇಕೆಂದೇ ಡ್ಯೂಟಿ ಹಾಕಿದರು. ಇವಳು ಯಾತಕ್ಕೆ ಓದುತ್ತಿದ್ದಾಳೆ ಎಂದು ಅವರಿಗೆ ಗೊತ್ತಿರಲಿಲ್ಲ, ಅನುಮಾನ ಮಾತ್ರ ಇತ್ತು. ಮೂರು ವರ್ಷದ ಓದು ನಾಲ್ಕು ವರ್ಷವಾಯಿತು. ಅಷ್ಟೂ ದಿನ ಗೇಟಿನೊಳಗೆ ನಾವು ನಿಯಮ ಬಿಡಲಿಲ್ಲ. ನಾನು ಗೋಡೆಗೆ ಒತ್ತಿ ನಿಲ್ಲುತ್ತಿದ್ದೆ, ಅವಳು ತಲೆ ತಿರುಗಿಸದೆ ಹೋಗುತ್ತಿದ್ದಳು. ಅಭ್ಯಾಸ ಎನ್ನುವುದು ಮೈಯೊಳಗೆ ಇಳಿದುಬಿಡುತ್ತದೆ.

ಮೂರನೇ ವರ್ಷದಲ್ಲಿ ಒಂದು ದಿನ ಮುಖ ಸಣ್ಣ ಮಾಡಿಕೊಂಡು ಬಂದಳು.

"ಬಾವನ ಕೇಸಲ್ಲಿ ನಾನು ವಾದ ಮಾಡೋ ಹಾಗಿಲ್ಲ ಅಕ್ಕ."

"ಯಾಕೆ? ಡಾಕ್ಟ್ರು ಅಂತಲಾ?"

"ಪತ್ರ ಬರೆದೋಳು ನಾನೇ ಅಲ್ವಾ? ನಾನು ಸಾಕ್ಷಿ. ಸಾಕ್ಷಿ ಆದೋರು ಅದೇ ಕೇಸಲ್ಲಿ ವಕೀಲರಾಗೋ ಹಾಗಿಲ್ಲ. ಇವತ್ತು ಪಾಠ ಆಯ್ತು."

"ಥೂ! ಮತ್ತೆ ಮೂರು ವರ್ಷ ಮೈ ಸುಟ್ಕೊಂಡು ಓದಿದ್ದು ಯಾತಕ್ಕೆ? ಮೊದಲೇ ಹೇಳ್ಬಾರದಾ ಅವರು?"

ಅವಳು ನನ್ನ ತೊಡೆಯ ಮೇಲೆ ತಲೆ ಇಟ್ಟು ಮಲಗಿದಳು. ತಲೆಗೂದಲಲ್ಲಿ ಬೆಳ್ಳಗೆ ಬಂದಿತ್ತು. ಹಾಗೇ ಮಲಗಿಕೊಂಡು ಹೇಳಿದಳು: "ಬಾವನ ಕೇಸಲ್ಲಿ ಸತ್ಯ ಹೇಳ್ತೀನಿ. ಆಮೇಲೆ ಕರಿ ಕೋಟು ಹಾಕ್ಕೊಂಡು, ಟ್ಯಾಂಕಲ್ಲಿ ಸಾಯೋ ಪ್ರತಿಯೊಬ್ಬರ ಕೇಸೂ ನಾನೇ ಹಿಡೀತೀನಿ." ಆ ಮಾತು ಹೇಳುವಾಗ ಅವಳ ಮುಖ ನೋಡಬೇಕಿತ್ತು. ಬಾವ ಸತ್ತ ಮೇಲೆ ಅಷ್ಟು ಗೆಲುವಾಗಿದ್ದದ್ದು ಅದೊಂದೇ ಸಲ.

ಆ ಪಾಠ ಮಾಡುತ್ತಿದ್ದ ಮೇಷ್ಟ್ರು ಹಳೆಯ ವಕೀಲರು. ಅವರಿಗೆ ಎಲ್ಲ ಹೇಳಿದಳು. ಅವರು ಕೇಸು ತೆಗೆದುಕೊಂಡರು. ಪತ್ರ ಸುಳ್ಳು, ಸಾವಿಗೆ ಕಾರಣ ಟ್ಯಾಂಕು ಎಂದು ಬರೆಯಬೇಕು, ಇಳಿಸಿದವರನ್ನು ವಿಚಾರಿಸಬೇಕು. ಅರ್ಜಿಯಲ್ಲಿ ಇಷ್ಟೇ. ನನಗೆ ಬೇಕಾಗಿದ್ದೂ ಇಷ್ಟೇ.

ಅವಳು ಪಾಸಾದಳು. ವಕೀಲಿಯ ಸನದು ಬೇಕಾದರೆ ಡಾಕ್ಟರಿಕೆಯ ನೋಂದಣಿ ವಾಪಸು ಕೊಡಬೇಕು, ಎರಡೂ ಇಟ್ಟುಕೊಳ್ಳುವಂತಿಲ್ಲ. ಕೊಟ್ಟಳು. ಕ್ವಾರ್ಟರ್ಸ್ ಖಾಲಿ ಮಾಡಿ ಒಂದು ಪೆಟ್ಟಿಗೆ ಹಿಡಿದುಕೊಂಡು ನಮ್ಮ ಮನೆಗೆ ಬಂದಳು. ಸನದಿನ ಅರ್ಜಿ ಹಾಕಿದಳು. ಅದು ಬರುವ ಮೊದಲೇ ನಮ್ಮ ಕೇಸಿನ ದಿನ ಬಂತು.

ಆ ಬೆಳಿಗ್ಗೆ ಮೇಷ್ಟ್ರು ನನ್ನನ್ನು ಪಕ್ಕಕ್ಕೆ ಕರೆದು, "ಏನು ಕೇಳಿದ್ರೂ ನಿಜ ಹೇಳಮ್ಮ, ಅಷ್ಟು ಸಾಕು," ಎಂದರು. ಹೇಳುತ್ತೇನೆ ಎಂದೆ. ನನ್ನ ತಲೆಯಲ್ಲಿ ಇದ್ದದ್ದು ಟ್ಯಾಂಕಿನ ನಿಜ ಒಂದೇ.

ಮೊದಲು ನನ್ನನ್ನು ಕರೆದರು. ತಂಗಿ ಹೊರಗೆ ಇರಬೇಕಾಯಿತು. ಸಾಕ್ಷಿ ಹೇಳಬೇಕಾದವರು ಇನ್ನೊಬ್ಬರ ಸಾಕ್ಷಿ ಕೇಳಿಸಿಕೊಳ್ಳಬಾರದಂತೆ. ಕಟಕಟೆ ಹತ್ತಿ ನೋಡಿದರೆ ಅರ್ಧ ಆಸ್ಪತ್ರೆ ಬಂದು ಕೂತಿತ್ತು. ದೊಡ್ಡ ಡಾಕ್ಟ್ರು, ಗುತ್ತಿಗೆದಾರ, ಬಾಗಿಲಲ್ಲಿ ತಡೆದ ಆ ನರ್ಸು, ಲಿಫ್ಟಿನವನು, ಕ್ಯಾಂಟೀನಿನವನು. ಆದರೂ ಹೆದರಲಿಲ್ಲ. ಟ್ಯಾಂಕು, ಬಟ್ಟೆಯ ಗಂಟು, ಬಾಯಿಯ ಕೆಸರು, ಎಲ್ಲ ಹೇಳಿದೆ. ಬರೆದುಕೊಳ್ಳುವವಳು ಒಂದು ಸಲ ಕೈ ನಿಲ್ಲಿಸಿ ಕಣ್ಣು ಒರೆಸಿಕೊಂಡಳು.

ಆಸ್ಪತ್ರೆ ಕಡೆಯ ವಕೀಲ ಎದ್ದ. ನಗುಮುಖದವನು, ಮೆತ್ತಗಿನ ಮಾತು.

"ಪಾಪ, ನಿಮ್ಮ ದುಃಖ ಅರ್ಥ ಆಗುತ್ತೆ. ಒಂದೇ ಪ್ರಶ್ನೆ. ಈ ಪತ್ರ ಬರೆದ ಡಾಕ್ಟರು ನಿಮಗೆ ಏನಾಗಬೇಕು?"

ನರ್ಸು ನನ್ನನ್ನೇ ನೋಡುತ್ತಿದ್ದಳು. ದೊಡ್ಡ ಡಾಕ್ಟ್ರು ನೋಡುತ್ತಿದ್ದರು. ಅವರೆಲ್ಲ ಇದ್ದಾರೆ ಎಂದ ಮೇಲೆ ನನಗೆ ಅದು ಕೋರ್ಟಾಗಿ ಉಳಿಯಲಿಲ್ಲ, ಗೇಟಿನೊಳಗೆ ನಿಂತ ಹಾಗಾಯಿತು. ಸಣ್ಣಿ ನಾಳೆ ಕರಿ ಕೋಟು ಹಾಕಬೇಕು. ಬಟ್ಟೆಯವಳ ತಂಗಿ ಎಂದು ಇವರ ಬಾಯಿಗೆ ಬಿದ್ದರೆ ಅಲ್ಲೂ ಅವಳಿಗೆ ಕುರ್ಚಿ ಕೊಡುವುದಿಲ್ಲ. ಯೋಚಿಸಿ ಹೇಳಿದ್ದಲ್ಲ. ಹತ್ತು ವರ್ಷ ಪಳಗಿದ ನಾಲಿಗೆ ಅದು.

"ಏನೂ ಆಗ್ಬೇಕಿಲ್ಲ ಸ್ವಾಮಿ."

ಮೇಷ್ಟ್ರು ದಡಕ್ಕನೆ ಎದ್ದರು. "ಅಮ್ಮಾ, ಪ್ರಶ್ನೆ ಅರ್ಥ ಆಯ್ತಾ?" ಆ ವಕೀಲ ಆಕ್ಷೇಪಣೆ ಎಂದ. ನ್ಯಾಯಾಧೀಶರು ನನ್ನ ಕಡೆ ನೋಡಿ, ಇನ್ನೊಮ್ಮೆ ಹೇಳಿ ಎಂದರು.

"ಆಸ್ಪತ್ರೇಲಿ ನೋಡಿದೀನಿ, ಅಷ್ಟೇ. ಅವರು ಯಾರೋ, ನಾನು ಯಾರೋ."

ಮೇಷ್ಟ್ರು ಕೂತರು. ನಾನು ಇಳಿದು ಬಂದು ಹಿಂದಿನ ಬೆಂಚಿನಲ್ಲಿ ಕೂತೆ. ಎದೆ ಹಗುರಾಗಿತ್ತು. ಗಂಡನಿಗೆ ನ್ಯಾಯ ಕೇಳಿದೆ, ತಂಗಿಯ ಮಾನ ಉಳಿಸಿದೆ, ಎರಡೂ ಆಯಿತು ಎಂದುಕೊಂಡೆ. ಅಯ್ಯೋ ನನ್ನ ಬುದ್ಧಿಯೇ!

ತಂಗಿಯನ್ನು ಕರೆದರು. ನೆಟ್ಟಗೆ ನಿಂತಳು. "ಈ ಪತ್ರ ಬರೆದೋಳು ನಾನು. ಎರಡನೇ ಸಾಲು ಖಾಲಿ ಬಿಟ್ಟಿದ್ದು ನಾನು. ಅವರು ಸತ್ತಿದ್ದು ಟ್ಯಾಂಕಿನ ವಿಷಗಾಳಿಯಿಂದ. ಖಾಲಿ ಬಿಡು ಅಂತ ಮುಖ್ಯಸ್ಥರು ಹೇಳಿದ್ರು. ಹೆದರಿ ಬಿಟ್ಟೆ. ಅದು ತಪ್ಪು. ಅದಕ್ಕೆ ಏನು ಶಿಕ್ಷೆ ಕೊಟ್ರೂ ತಗೋತೀನಿ." ಇಷ್ಟನ್ನೂ ಒಂದು ಸಲವೂ ತಡವರಿಸದೆ ಹೇಳಿದಳು. ದೊಡ್ಡ ಡಾಕ್ಟ್ರು ಕನ್ನಡಕ ತೆಗೆದು ಒರೆಸುತ್ತಾ ಕೂತರು.

ನಗುಮುಖದವನು ಮತ್ತೆ ಎದ್ದ. ಅದೇ ಪ್ರಶ್ನೆ. "ಅರ್ಜಿ ಹಾಕಿದ ಈ ಹೆಂಗಸು ನಿಮಗೆ ಏನಾಗಬೇಕು?"

ನಾನು ಕೂತಲ್ಲಿಂದಲೇ ತಲೆ ಅಲ್ಲಾಡಿಸಿದೆ. ಬೇಡ, ಬೇಡ ಕಣೇ. ಅವಳು ನೋಡಿದಳು. ನಾನು ಯಾವಾಗಲೂ ಹಾಗೆ ಬೇಡ ಎನ್ನುವವಳೇ ಎಂಬಂತೆ ನಕ್ಕಳು. ತಲೆ ತಿರುಗಿಸಿ, ಆಸ್ಪತ್ರೆಯವರೆಲ್ಲರ ಮುಂದೆ, ನನ್ನನ್ನೇ ನೋಡಿಕೊಂಡು ಹೇಳಿದಳು:

"ನನ್ನ ಅಕ್ಕ. ಒಡಹುಟ್ಟಿದ ಅಕ್ಕ. ನನ್ನನ್ನ ಸಾಕಿದೋಳು. ಸತ್ತಿದ್ದು ನನ್ನ ಬಾವ."

ಜೀವಮಾನದಲ್ಲಿ ಅಂಥ ಸಂತೋಷ ನನಗೆ ಆಗಿಲ್ಲ. ಅಂಥ ಸಂಕಟವೂ ಆಗಿಲ್ಲ. ಎರಡೂ ಒಂದೇ ಸಲ ಬಂದವು. ಆ ವಕೀಲ ಇನ್ನೇನೂ ಕೇಳದೆ ಕೂತ. ಅವನಿಗೆ ಮೊದಲೇ ಗೊತ್ತಿತ್ತು. ಯಾರನ್ನು ಯಾವ ಗುಂಡಿಗೆ ಇಳಿಸಬೇಕೆಂದು ಅವರಿಗೆ ಯಾವಾಗಲೂ ಗೊತ್ತಿರುತ್ತದೆ.

ಹೊರಗೆ ಮೊಗಸಾಲೆಯಲ್ಲಿ ಅವಳು ನನ್ನನ್ನು ತಬ್ಬಿಕೊಂಡಳು. ಎಲ್ಲರೂ ನೋಡುತ್ತಿದ್ದರು. "ಹೇಳ್ಬಿಟ್ಟೆ ಅಕ್ಕ! ಎಲ್ರ ಮುಂದೇನೂ ಹೇಳ್ಬಿಟ್ಟೆ!" ಮಗುವಿನ ಹಾಗೆ ಅಳುತ್ತಾ ನಗುತ್ತಿದ್ದಳು. ಮೇಷ್ಟ್ರು ಬಂದರು, ನಮ್ಮ ಮುಖ ನೋಡದೆ ಮುಂದೆ ಹೋದರು. ಅವಳ ನಗು ನಿಂತಿತು.

"ಏನಾಯ್ತು?"

"ನಾನು ಯಾರೋ ಅಂದ್ಬಿಟ್ಟೆ ಕಣೇ," ಎಂದೆ. "ನಿನ್ನ ಗೊತ್ತಿಲ್ಲ ಅಂದ್ಬಿಟ್ಟೆ. ಎರಡು ಸಲ."

ಅವಳು ಬೈಯಲಿಲ್ಲ. ಬೈದಿದ್ದರೆ ಬದುಕುತ್ತಿದ್ದೆ. ನನ್ನ ಕೈ ಹಿಡಿದುಕೊಂಡು, ಉಗುರಿಲ್ಲದ ಬೆರಳುಗಳನ್ನು ಸವರುತ್ತಾ, "ನಾನೇ ಹೇಳಿ ಕೊಡ್ಬೇಕಿತ್ತು ಅಕ್ಕ," ಎಂದಳು. "ನಾಲ್ಕು ವರ್ಷ ಎಲ್ಲಾ ಓದ್ಕೊಂಡೆ. ಇದೊಂದು ಹೊಳೀಲಿಲ್ಲ ನೋಡು."

ತೀರ್ಪು ಎರಡು ತಿಂಗಳಿಗೆ ಬಂತು. ಇಬ್ಬರು ಸಾಕ್ಷಿಗಳೂ ಒಡಹುಟ್ಟಿದವರು. ಒಬ್ಬಳು ಪ್ರಮಾಣ ಮಾಡಿ ಸಂಬಂಧ ಮುಚ್ಚಿಟ್ಟಳು. ಇನ್ನೊಬ್ಬಳು ತಾನೇ ಸುಳ್ಳು ಬರೆದೆ ಎನ್ನುತ್ತಾಳೆ. ಇಂಥವರ ಮಾತು ನಂಬಿ ಗೌರವಸ್ಥರನ್ನು ವಿಚಾರಿಸಲಾಗದು. ಪತ್ರ ಇದ್ದಂತೆಯೇ ಇರತಕ್ಕದ್ದು. ನನ್ನ ಗಂಡನ ಜೊತೆಗಾರ ಸಾಕ್ಷಿಗೆ ಬರಲೇ ಇಲ್ಲ. ಅವನಿಗೂ ಅದೇ ಗುತ್ತಿಗೆದಾರ, ಅದೇ ಟ್ಯಾಂಕು. ಅವನನ್ನು ನಾನು ಬೈಯುವುದಿಲ್ಲ.

ಸುಳ್ಳು ಪತ್ರ ಬರೆದೆನೆಂದು ಕೋರ್ಟಿನಲ್ಲಿ ಒಪ್ಪಿಕೊಂಡವರಿಗೆ ಸನದು ಕೊಡಲಾಗದು ಎಂದು ತಂಗಿಯ ಅರ್ಜಿ ವಾಪಸು ಬಂತು. ಡಾಕ್ಟರಿಕೆಯ ನೋಂದಣಿ ಮತ್ತೆ ಕೊಡಿ ಎಂದು ಕೇಳಿದರೆ ಅವರೂ ಅದನ್ನೇ ಬರೆದರು. ಬರೆಯಿಸಿದವರು ಡಾಕ್ಟರಾಗಿಯೇ ಇದ್ದಾರೆ. ಇಳಿಸಿದವನಿಗೆ ಗುತ್ತಿಗೆ ಮುಂದುವರಿದಿದೆ. ನಿಜ ಹೇಳಿದವಳು ಬಿಳಿ ಕೋಟಿಗೂ ಇಲ್ಲ, ಕರಿ ಕೋಟಿಗೂ ಇಲ್ಲ. ಈಗ ಒಂದು ಅಂಗಡಿಯಲ್ಲಿ ನಿಂತು ಬೇರೆ ಡಾಕ್ಟರು ಬರೆದ ಔಷಧಿ ಕಟ್ಟಿ ಕೊಡುತ್ತಾಳೆ.

ನನ್ನ ಮೇಲೆ ಸುಳ್ಳು ಸಾಕ್ಷಿಯ ಕೇಸು ಹಾಕಿದರು. ಅದೇ ಕೋರ್ಟು. ತಪ್ಪು ಒಪ್ಪುತ್ತೀಯಾ ಎಂದರು. ಒಪ್ಪಿದೆ. ಯಾಕೆ ಸುಳ್ಳು ಹೇಳಿದೆ ಎಂದರು.

"ಅವಳು ನನ್ನ ತಂಗಿ ಅನ್ನೋದು ಗೊತ್ತಾದ್ರೆ ಇವರು ಅವಳನ್ನ ಮನುಷ್ಯಳ ಹಾಗೆ ನೋಡಲ್ಲ ಸ್ವಾಮಿ. ಅದಕ್ಕೆ. ಅದನ್ನೂ ಬರ್ಕೊಳ್ಳಿ."

ಅದರ ಅಗತ್ಯ ಇಲ್ಲ ಎಂದರು. ವಯಸ್ಸು ನೋಡಿ, ವಿಧವೆ ಎಂದು ಕರುಣೆ ತೋರಿಸಿ, ಆ ದಿನ ನ್ಯಾಯಾಲಯ ಏಳುವ ತನಕ ಅಲ್ಲೇ ಕೂತಿರುವ ಶಿಕ್ಷೆ ಕೊಟ್ಟರು. ಗೋಡೆಯ ಪಕ್ಕದ ಬೆಂಚು ತೋರಿಸಿದರು. ಕೂತೆ. ತಂಗಿ ಬಂದು ಪಕ್ಕದಲ್ಲಿ ಕೂತಳು. ಪೋಲೀಸಿನವನು, ನೀವ್ಯಾಕೆ, ಶಿಕ್ಷೆ ಅವರಿಗೆ ಎಂದ. ಅವಳು ಅಲ್ಲಾಡಲಿಲ್ಲ.

ಇಡೀ ದಿನ ಕೂತೆವು. ಜಮೀನು ಕೇಸು, ಬಾಡಿಗೆ ಕೇಸು, ಒಬ್ಬ ಸೈಕಲ್ ಕದ್ದವನು. ಮಧ್ಯಾಹ್ನ ಒಬ್ಬ ಎಳೆಯ ವಕೀಲ ಏನೋ ವಾದಿಸುತ್ತಿದ್ದ. ತಂಗಿ ನನ್ನ ಕಿವಿಯಲ್ಲಿ, "ತಪ್ಪು ಸೆಕ್ಷನ್ ಹೇಳ್ತಿದಾನೆ ಅಕ್ಕ, ಅದಲ್ಲ," ಎಂದಳು. ಅವಳ ಬೆರಳುಗಳು ತೊಡೆಯ ಮೇಲೆ ಸರಿಯಾದ ಸೆಕ್ಷನ್ ಬರೆಯುತ್ತಿದ್ದವು. ನನಗೆ ತಡೆಯಲಾಗಲಿಲ್ಲ. ಬಾಯಿಗೆ ಬಟ್ಟೆ ಒತ್ತಿಕೊಂಡು ಅತ್ತೆ.

ಐದು ಗಂಟೆಗೆ ನ್ಯಾಯಾಧೀಶರು ಎದ್ದರು. ಎಲ್ಲರೂ ಎದ್ದರು. ನಾನು ಕೂತೇ ಇದ್ದೆ. ಕೋಣೆ ಖಾಲಿಯಾಯಿತು.

"ಏಳಮ್ಮ," ಎಂದ ಪೋಲೀಸಿನವನು. "ನಿನ್ನ ಶಿಕ್ಷೆ ಮುಗೀತು."

"ನಂದು ಮುಗೀತು. ಅವರದ್ದು ಯಾವಾಗ ಶುರು ಆಗುತ್ತೆ?"

"ಅದೆಲ್ಲ ನನ್ನ ಕೇಳಿದ್ರೆ? ಬಾಗಿಲು ಹಾಕ್ಬೇಕು, ಏಳು."

"ನನ್ನ ಗಂಡ ಯಾತರಿಂದ ಸತ್ತ ಅಂತ ಬರೆದುಕೊಡ್ಲಿ. ಏಳ್ತೀನಿ."

ಅವನು ತಂಗಿಯ ಕಡೆ ತಿರುಗಿ, "ಓದಿದೋರು ನೀವು, ನೀವಾದ್ರೂ ಹೇಳಿ," ಎಂದ. ಅವಳು ತನ್ನ ಕೈಯನ್ನು ನನ್ನ ತೋಳಿಗೆ ಕೊಂಡಿ ಹಾಕಿದ ಹಾಗೆ ಸೇರಿಸಿಕೊಂಡಳು.

ಹೆಂಗಸು ಪೋಲೀಸರನ್ನು ಕರೆಸಿದರು. ಅವರಲ್ಲೊಬ್ಬಳು ಚಿಕ್ಕವಳು, "ಅಮ್ಮ, ದಮ್ಮಯ್ಯ, ಎದ್ಬಿಡಿ," ಎಂದಳು. ಪಾಪ, ಅವಳದೂ ಹೊಟ್ಟೆಪಾಡು. ಆದರೂ ಏಳಲಿಲ್ಲ. ಅವರು ತೋಳಿಗೆ ಕೈ ಹಾಕಿದಾಗ ನಾನು ಮೈಭಾರ ಪೂರ್ತಿ ಬಿಟ್ಟೆ. ತಂಗಿಯೂ ಬಿಟ್ಟಳು. ನಮ್ಮಿಬ್ಬರನ್ನು ಎತ್ತಿ ಹೊರಗೆ ಹಾಕಲು ಆರು ಜನ ಬೇಕಾಯಿತು.